ಎಡಬಾಗಿಲಿನ ಗೀರುಗಳು

ಕಪ್ಪು ಕಾರನ್ನು ನೆರಳಿನಲ್ಲಿ ನಿಲ್ಲಿಸಿ ಅದರ ಮೈಗೆ ಓರೆಯಾಗಿ ಒಂದು ದೀಪ ಹಿಡಿಯಬೇಕು. ಅಲ್ಲಿಯವರೆಗೆ ಕನ್ನಡಿಯ ಹಾಗೆ ಕಾಣುತ್ತಿದ್ದ ಬಣ್ಣದಲ್ಲಿ, ದೀಪದ ಸುತ್ತ ಸಾವಿರಾರು ಸಣ್ಣ ಗೀರುಗಳು ಎದ್ದು ಬರುತ್ತವೆ. ದೀಪ ಸರಿಸಿದರೆ ಅವೂ ಸರಿಯುತ್ತವೆ. ಆರಿಸಿದರೆ ಒಂದೂ ಇಲ್ಲ. ಬಿಳಿ ಕಾರು ತನ್ನ ಮೇಲಾದದ್ದನ್ನೆಲ್ಲ ನುಂಗಿಕೊಂಡು ಸುಮ್ಮನಿರುತ್ತದೆ. ಕಪ್ಪಿಗೆ ಆ ಗುಣವಿಲ್ಲ. ಇಪ್ಪತ್ತೆಂಟು ವರ್ಷ ನಾನು ಆ ದೀಪ ಹಿಡಿದೇ ಹೊಟ್ಟೆ ಹೊರೆದವನು.

ನನ್ನದು ಕಾರು ತೊಳೆಯುವ ಕೆಲಸ ಎಂದು ಯಾರಾದರೂ ಅಂದರೆ ಆಗೆಲ್ಲ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ತೊಳೆಯುವುದು ಯಾರಿಗೂ ಬರುತ್ತದೆ. ಕಾರಿನ ಬಣ್ಣದ ಮೇಲೆ ಗಾಜಿನಂಥ ಒಂದು ತೆಳು ಪದರ ಇರುತ್ತದೆ. ಗೀರು ಬೀಳುವುದು ಅದರ ಮೇಲೆ. ಮೆಷಿನ್ನಿಗೆ ಮೆತ್ತನೆಯ ಪ್ಯಾಡ್ ಕೂರಿಸಿ, ಪಾಲಿಶ್ ಹಚ್ಚಿ, ಆ ಪದರವನ್ನು ಕೂದಲೆಳೆಯ ಹತ್ತರಲ್ಲೊಂದು ಪಾಲಿನಷ್ಟು ಸವೆಸಿದರೆ ಗೀರು ಇಲ್ಲವಾಗುತ್ತದೆ. ಅಂದರೆ ನಾವು ಗೀರನ್ನು ಮುಚ್ಚುವುದಿಲ್ಲ, ಗೀರಿನ ಸುತ್ತ ಚೆನ್ನಾಗಿದ್ದದ್ದನ್ನೂ ಸೇರಿಸಿ ಉಜ್ಜಿ ತೆಗೆಯುತ್ತೇವೆ. ಹಾಗೆ ಹೋದ ಪದರ ಮತ್ತೆ ಬರುವುದಿಲ್ಲ. ಇದು ಗೊತ್ತಿದ್ದವನು ಮೆಷಿನ್ ಮುಟ್ಟುವ ಮುಂಚೆ ಬಹಳ ಹೊತ್ತು ದೀಪ ಹಿಡಿದು ನೋಡುತ್ತಾನೆ.

ಹಾಗೆ ನೋಡುತ್ತ ನೋಡುತ್ತ ನನಗೊಂದು ಚಟ ಅಂಟಿಕೊಂಡಿತು. ಗೀರು ನೋಡಿ ಕಾರಿನ ಯಜಮಾನನ ಸ್ವಭಾವ ಹೇಳುವುದು. ಬಾನೆಟ್ಟಿನ ಮೇಲೆ ತಟ್ಟೆ ಎಳೆದ ಗುರುತಿದ್ದರೆ, “ಶುಕ್ರವಾರ ಶುಕ್ರವಾರ ಪೂಜೆ ಮಾಡ್ತೀರಿ, ಆದ್ರೆ ತಟ್ಟೆ ಎತ್ತಿ ಇಡೋ ತಾಳ್ಮೆ ಇಲ್ಲ” ಎನ್ನುತ್ತಿದ್ದೆ. ವಕೀಲರೊಬ್ಬರಿಗೆ, ನಿಮ್ಮ ಮನೆಯಲ್ಲಿ ನಾಯಿ ಇದೆ, ಅದಕ್ಕೆ ಒಂದು ಮುಂಗಾಲು ಊನ ಎಂದು ಹೇಳಿಬಿಟ್ಟಿದ್ದೆ. ನಿಜಕ್ಕೂ ಇತ್ತು. ಆ ಮಾತು ಊರೆಲ್ಲ ಸುತ್ತಿತು. ಜನ ಕಾರಿನ ನೆಪ ಮಾಡಿಕೊಂಡು ನನ್ನ ಮಾತು ಕೇಳಲು ಬರತೊಡಗಿದರು. ನನ್ನ ಕಾಲು ನೆಲದ ಮೇಲೆ ನಿಲ್ಲದಂತಾಯಿತು.

ಡಾಕ್ಟರ್ ಇಂದುಮತಿಯವರು ಬಂದದ್ದು ಆ ದಿನಗಳಲ್ಲಿ, ಒಂದು ಭಾನುವಾರ ಬೆಳಿಗ್ಗೆ. ಅವರ ಕ್ಲಿನಿಕ್ಕಿಗೆ ಹೋಗದ ಮನೆ ನಮ್ಮೂರಲ್ಲಿ ಇರಲಿಲ್ಲ. ಗಂಡ ಪ್ರಭಂಜನರಾಯರು ಹಳೆಯ ಟಯರುಗಳಿಗೆ ಹೊಸ ರಬ್ಬರು ಕೂರಿಸುವ ಕಾರ್ಖಾನೆ ನಡೆಸುತ್ತಿದ್ದರು. ಮಕ್ಕಳಿರಲಿಲ್ಲ. ಐವತ್ತೆರಡನೆಯ ವಯಸ್ಸಿನಲ್ಲಿ ರಾಯರಿಗೆ ಅದೇನು ಹೊಳೆಯಿತೋ, ದೂರದ ಊರಿಗೆ ಹೋಗಿ ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿರುವ, ಚಾಲೂ ಮಾಡಿದರೆ ಮೂರು ಬೀದಿಗೆ ಕೇಳಿಸುವ ಒಂದು ಕಪ್ಪು ಸ್ಪೋರ್ಟ್ಸ್ ಕಾರು ತಂದರು. ಎಲ್ಲರೂ ಕಾರು ಹತ್ತಿದರೆ ರಾಯರು ಮಾತ್ರ ಕಾರಿಗೆ ಇಳಿಯುತ್ತಾರೆ ಎಂದು ಊರವರು ನಕ್ಕರು. ಅವರೂ ನಕ್ಕರು. ಐದು ವರ್ಷ ಅದನ್ನು ಓಡಿಸಿ, ಒಂದು ದಿನ ಕಾರ್ಖಾನೆಯ ಬಾಗಿಲಲ್ಲಿ ಅದರಿಂದ ಇಳಿದು ನಾಲ್ಕು ಹೆಜ್ಜೆ ನಡೆದು ಕುಸಿದು ತೀರಿಕೊಂಡರು.

ಅವರ ಮೊದಲ ವರ್ಷದ ತಿಥಿಗೆ ಹನ್ನೆರಡು ದಿನ ಉಳಿದಿತ್ತು. ಕಾರ್ಖಾನೆಯ ಡ್ರೈವರು ಕಾರು ತಂದು ನಿಲ್ಲಿಸಿದ. ಡಾಕ್ಟರು ಹಿಂದೆಯೇ ಆಟೋದಲ್ಲಿ ಬಂದಿಳಿದರು.

“ಅವರು ತಂದ ದಿನ ಹೇಗಿತ್ತೋ ಹಾಗಾಗ್ಬೇಕು,” ಎಂದರು. “ಮಾರೋಕಲ್ಲ. ಇಟ್ಕೊಳ್ಳೋಕೆ.”

ಕಾರು ತೊಳೆದು, ಜೇಡಿಮಣ್ಣಿನಂಥ ಮುದ್ದೆಯಿಂದ ಮೈಯೆಲ್ಲ ತೀಡಿ, ಗಾಜು ರಬ್ಬರುಗಳ ಅಂಚಿಗೆ ಟೇಪು ಹಚ್ಚುವಷ್ಟು ಹೊತ್ತೂ ಅವರು ಅಲ್ಲೇ ಒಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕ್ಲಿನಿಕ್ಕಿನಲ್ಲಿ ಎಣಿಸಿದಂತೆ ಮಾತಾಡುವವರು ಅಂದು ತಾವಾಗಿ ಮಾತಾಡಿದರು. ಗಂಡ ಹೋಗುವ ಮುನ್ನ ಒಂದು ಸೂಚನೆಯೂ ಇರಲಿಲ್ಲವಂತೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ತಮಗೆ ಕಣ್ಣಿಗೆ ಕಟ್ಟಿದಂತೆ ಉಳಿದಿರುವುದು ಒಂದೇ ಎಂದರು. ದಿನಾ ಬೆಳಿಗ್ಗೆ ತಾವು ಕಾಫಿ ಹಿಡಿದು ಹಿತ್ತಿಲಿಗೆ ಹೋದರೆ ಶೆಡ್ಡಿನಲ್ಲಿ ರಾಯರು ಬಟ್ಟೆ ಹಿಡಿದು ಕಾರು ಒರೆಸುತ್ತ ನಿಂತಿರುತ್ತಿದ್ದರು. ಬೇರೆ ಯಾರಿಗೂ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. ಬೆವರು ಒರೆಸಿಕೊಳ್ಳುತ್ತ ಕಾಫಿ ಲೋಟ ಇಸಿದುಕೊಳ್ಳುತ್ತಿದ್ದರು. ಆ ಶೆಡ್ಡು ಖಾಲಿ ಬಿದ್ದಿರುವುದನ್ನು ನೋಡಲಾಗುವುದಿಲ್ಲ, ಕಾರು ಅಲ್ಲೇ ಹೊಳೆಯುತ್ತ ನಿಂತಿರಬೇಕು ಎಂಬುದು ಅವರ ಆಸೆ. ತಿಥಿಯ ದಿನ ಬಂದವರೆಲ್ಲ ಅದನ್ನು ನೋಡಬೇಕು.

ನಾನು ದೀಪ ಹಚ್ಚಿದೆ. ಬಾಗಿಲು ಮುಚ್ಚಿ ಒಳಗೆ ಕತ್ತಲು ಮಾಡಿಕೊಂಡು ಬಲಗಡೆಯಿಂದ ನೋಡುತ್ತ ಹೋದೆ. ಡ್ರೈವರ್ ಕಡೆಯ ಬಾಗಿಲಿನ ಮೇಲೆ ಉದ್ದುದ್ದ, ನೇರವಾದ, ತೆಳುವಾದ ಗೆರೆಗಳು. ಸುತ್ತಿಸುತ್ತಿ ಉಜ್ಜದೆ, ಒಂದೇ ದಿಕ್ಕಿಗೆ ಎಳೆದು ಒರೆಸಿದ ಕೈ. ಕಾರು ಬಲ್ಲವರು ಮಾತ್ರ ಹಾಗೆ ಒರೆಸುತ್ತಾರೆ. ಹಾಗೆಂದು ಹೇಳಿದಾಗ ಡಾಕ್ಟರ ಮುಖ ಅರಳಿತು. ಆದರೆ ಆ ನೇರ ಗೆರೆಗಳು ಕಿಟಕಿ ಗಾಜಿನ ಕೆಳಗಿನ ಅಂಚಿಗೇ ನಿಂತುಬಿಟ್ಟಿದ್ದವು. ಚಾವಣಿಯ ಮೇಲಿದ್ದವು ಬೇರೆ ಥರದವು, ಗುಂಡಗೆ, ಅಡ್ಡಾದಿಡ್ಡಿ. ಆ ಕಾರು ನನ್ನ ಎದೆಮಟ್ಟಕ್ಕೂ ಬರುತ್ತಿರಲಿಲ್ಲ. ನಿಂತವನಿಗೆ ಚಾವಣಿ ಸುಲಭ, ಕೆಳಭಾಗಕ್ಕೆ ಬಗ್ಗುವುದೇ ಕಷ್ಟ. ಇಲ್ಲಿ ಎಲ್ಲ ತಿರುಗುಮುರುಗು.

“ರಾಯರು ಸ್ವಲ್ಪ ಕುಳ್ಳಗಿದ್ರಾ ಮೇಡಂ?” ಎಂದು ತಮಾಷೆ ಮಾಡಿದೆ.

“ಆರಡಿ,” ಎಂದು ನಕ್ಕರು. ಆ ವರ್ಷದಲ್ಲಿ ಅವರು ನಕ್ಕದ್ದು ಅದೇ ಮೊದಲಿರಬೇಕು ಎಂದು ನನಗೆ ಆಮೇಲೆ ಅನಿಸಿದೆ. ಚಾವಣಿಗೆ ಬೇರೆ ಬಟ್ಟೆ ಬಳಸಿರಬೇಕು ಎಂದುಕೊಂಡು ನಾನು ಮುಂದೆ ಹೋದೆ. ಅರ್ಥವಾಗದ್ದನ್ನು ದಾಟಿಕೊಂಡು ಅರ್ಥವಾದದ್ದರ ಹತ್ತಿರ ನಿಲ್ಲುವುದು ನನ್ನ ಅಭ್ಯಾಸವಾಗಿತ್ತು.

ಎಡಗಡೆಯ ಬಾಗಿಲಿಗೆ ಬಂದಾಗ ನಿಂತೆ. ಹಿಡಿಕೆಯ ಕೆಳಗೆ ಅಂಗೈಯಗಲದ ಜಾಗದಲ್ಲಿ ಸಣ್ಣ ಸಣ್ಣ ಕಮಾನುಗಳು, ಒಂದರ ಮೇಲೊಂದು, ನೂರಾರು. ಉಗುರಿನ ಗುರುತಲ್ಲ, ಉಗುರು ಹಿಡಿಕೆಯ ಗುಳಿಯೊಳಗೆ ಗೀರುತ್ತದೆ. ಉಂಗುರದ್ದಲ್ಲ, ಗಡಿಯಾರದ ಪಟ್ಟಿಯದ್ದಲ್ಲ. ಅಂಥ ಗೀರು ಮೂಡಿಸುವುದು ಒಂದೇ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದು ಬಾಯಲ್ಲಿ ನಿಲ್ಲಲಿಲ್ಲ.

“ನಿಮಗೆ ಗಾಜಿನ ಬಳೆ ಅಂದ್ರೆ ತುಂಬ ಇಷ್ಟ ಇತ್ತು ಅಂತ ಕಾಣುತ್ತೆ ಮೇಡಂ. ದಿನಾ ರಾಯರ ಜೊತೆ ಹೋಗ್ತಿದ್ರಿ ಅಲ್ವಾ?”

ತಿರುಗಿ ನೋಡಿದೆ. ಅವರು ತಮ್ಮ ಮಣಿಕಟ್ಟನ್ನು ನೋಡಿಕೊಳ್ಳುತ್ತಿದ್ದರು.

“ನಾನು ಬಳೆ ಹಾಕಲ್ಲ,” ಎಂದರು. “ಡಾಕ್ಟರಾದಾಗಿನಿಂದ ಹಾಕಿಲ್ಲ. ಗಳಿಗೆಗೊಂದು ಸಲ ಕೈ ತೊಳೀಬೇಕು. ಈ ಕಾರಲ್ಲಿ ನಾನು ಕೂತಿರೋದು ಒಂದೇ ಸಲ. ತಲೆ ಸುತ್ತು ಬಂತು. ಆಮೇಲೆ ಆ ಸೀಟಲ್ಲಿ ಅವರ ಊಟದ ಡಬ್ಬಿ ಬಿಟ್ಟು ಏನೂ ಕೂತಿಲ್ಲ ಅಂತ ಅವರೇ ಹೇಳ್ತಿದ್ರು.”

ಆಗಲಾದರೂ ನಾನು ಬಾಯಿ ಮುಚ್ಚಿಕೊಳ್ಳಬಹುದಿತ್ತು. ತೊಳೆಯುವಾಗ ನಮ್ಮ ಕೈಯಲ್ಲೇ ಏನೋ ತಗುಲಿರಬೇಕು ಎಂದು ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ಅವರೇ ನನಗೆ ದಾರಿ ಮಾಡಿಕೊಟ್ಟರು. ಬಹಳ ಮೆಲ್ಲಗೆ, “ಬೇರೆ ಏನಾದ್ರೂ ಆಗಿರಬಹುದಾ?” ಎಂದು ಕೇಳಿದರು. ರೋಗಿಗಳು ಅವರನ್ನು ಹಾಗೆ ಕೇಳುವುದನ್ನು ನಾನು ಎಷ್ಟೋ ಸಲ ನೋಡಿದ್ದೆ.

ನನಗೆ ಮಾತ್ರ ನನ್ನ ವಿದ್ಯೆಯ ಮೇಲೆ ಅನುಮಾನ ಬಂದಂತೆ ಕೇಳಿಸಿತು. “ಇಲ್ಲ ಮೇಡಂ, ಇದು ಬಳೆಯೇ,” ಎಂದೆ. “ಒಂದೆರಡು ದಿನದ್ದಲ್ಲ. ಹಳೇ ಗೀರಿನ ಮೇಲೆ ಹೊಸದು ಬಿದ್ದಿದೆ ನೋಡಿ. ಎರಡು ವರ್ಷ ಆದ್ರೂ ದಿನಾ ಈ ಬಾಗಿಲು ಹಿಡಿದಿದ್ದಾರೆ.”

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಇಂದಿಗೂ ನನ್ನನ್ನು ಸುಡುವುದು ಅದೇ.

ಡಾಕ್ಟರು ಎದ್ದು ಬಂದು ನನ್ನ ಕೈಯಿಂದ ದೀಪ ತೆಗೆದುಕೊಂಡರು. ಎಕ್ಸ್‌ರೇ ನೋಡುವವರ ಹಾಗೆ ಬಗ್ಗಿ, ದೀಪವನ್ನು ಆ ಕಡೆ ಈ ಕಡೆ ಸರಿಸುತ್ತ ಬಹಳ ಹೊತ್ತು ನೋಡಿದರು. ಒಂದು ಬೆರಳಿನಿಂದ ಆ ಜಾಗವನ್ನು ಮುಟ್ಟಿ ನೋಡಿದರು. ಮುಟ್ಟಿದರೆ ಏನೂ ತಿಳಿಯುವುದಿಲ್ಲ. ಅಷ್ಟು ತೆಳುವಾದ ಗೀರುಗಳು ಅವು. ಆಮೇಲೆ ದೀಪವನ್ನು ನನಗೆ ಕೊಟ್ಟು, “ಎಲ್ಲ ತೆಗೀರಿ. ಒಂದೂ ಉಳೀಬಾರದು,” ಎಂದು ಹೇಳಿ, ತಮ್ಮ ಕೈಚೀಲ ತೆಗೆದುಕೊಂಡು ಹೊರಟುಹೋದರು.

ಮೂರು ದಿನ ಕೆಲಸ ಮಾಡಿದೆ. ನನ್ನ ಜೀವಮಾನದಲ್ಲಿ ಅಂಥ ಕೆಲಸ ಮತ್ತೊಂದು ಮಾಡಿಲ್ಲ. ಬಲಗಡೆಯ ನೇರ ಗೆರೆಗಳು ಎರಡು ಸುತ್ತಿಗೇ ಹೋದವು. ಎಡಬಾಗಿಲಿನವು ಅವಕ್ಕಿಂತ ಆಳವಾಗಿದ್ದವು. ಪದರದ ದಪ್ಪ ಅಳೆಯುವ ಮೀಟರು ಅಲ್ಲಿ ಬಹಳ ಕಡಿಮೆ ತೋರಿಸುತ್ತಿತ್ತು. ಎಚ್ಚರವಿರುವ ಕೆಲಸಗಾರ ಅಂಥಲ್ಲಿ ಕೈ ತಡೆಯುತ್ತಾನೆ, ತೀರ ಆಳದ ನಾಲ್ಕಾರು ಗೀರುಗಳನ್ನು ಹಾಗೇ ಬಿಟ್ಟು ಯಜಮಾನನಿಗೆ ಕಾರಣ ಹೇಳುತ್ತಾನೆ. ನಾನು ಬಿಡಲಿಲ್ಲ. ಅಂಗೈಯಗಲದ ಪ್ಯಾಡು ಹಾಕಿ, ಬಿಸಿಯಾಗದಂತೆ ನಿಮಿಷಕ್ಕೊಮ್ಮೆ ಬೆರಳಿಟ್ಟು ನೋಡುತ್ತ, ಕೊನೆಯ ಕಮಾನನ್ನೂ ತೆಗೆದೆ. ಮೂರನೆಯ ಸಂಜೆ ದೀಪ ಹಿಡಿದರೆ ಆ ಬಾಗಿಲಿನಲ್ಲಿ ದೀಪವೊಂದೇ ಕಾಣುತ್ತಿತ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕಾರು ಒಯ್ಯಲು ಡಾಕ್ಟರು ಬರಲಿಲ್ಲ. ಡ್ರೈವರಿನ ಜೊತೆ ಒಬ್ಬ ದಲ್ಲಾಳಿ ಬಂದಿದ್ದ. ಕಾರು ಅಲ್ಲಿಂದಲೇ ಬೇರೆ ಊರಿಗೆ ಹೋಯಿತು. ತಿಥಿಯ ದಿನ ಕ್ಲಿನಿಕ್ಕು ಎಂದಿನಂತೆ ತೆರೆದಿತ್ತು, ಮನೆಗೆ ಪುರೋಹಿತರು ಬರಲಿಲ್ಲ ಎಂದು ಡ್ರೈವರು ಮುಂದೊಂದು ದಿನ ಹೇಳಿದ. ನನ್ನ ಮಾತಿನಿಂದಲೇ ಹೀಗಾಯಿತು ಎಂದು ಗೊತ್ತಾಯಿತು, ಇಲ್ಲವೆನ್ನುವುದಿಲ್ಲ. ಆದರೆ ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ, ತಪ್ಪು ಮಾಡಿದವರು ರಾಯರು, ನಾನೇಕೆ ತಲೆ ಕೆಡಿಸಿಕೊಳ್ಳಲಿ ಎಂದು ಸಮಾಧಾನ ಮಾಡಿಕೊಂಡೆ. ಅಷ್ಟೇ ಅಲ್ಲ, ಹೇಳಲು ನಾಚಿಕೆಯಾಗುತ್ತದೆ, ಹೆಸರು ಬಿಟ್ಟು ಈ ಕತೆಯನ್ನು ನಾಲ್ಕಾರು ಜನರ ಮುಂದೆ ರಸವತ್ತಾಗಿ ಹೇಳಿದ್ದೂ ಉಂಟು. ಕೇಳಿದವರು ನನ್ನ ಕಣ್ಣನ್ನು ಹೊಗಳಿದರು.

ಎರಡು ವರ್ಷ ಕಳೆಯಿತು. ವರ್ಕ್‌ಶಾಪಿನಲ್ಲಿ ತೊಳೆದ ಕಾರುಗಳನ್ನು ಒರೆಸಲು ಒಬ್ಬರು ಬೇಕಾಗಿತ್ತು. ಚೌಡಮ್ಮ ಎಂಬ ಹೆಂಗಸು ಕೇಳಿಕೊಂಡು ಬಂದಳು. ಐವತ್ತರ ಆಸುಪಾಸು, ಗಟ್ಟಿ ಆಳು. ಮೊದಲ ದಿನವೇ ಅವಳ ಕೈಗೆ ಬಟ್ಟೆ ಕೊಟ್ಟು ನೋಡಿದೆ. ಮಡಿಕೆ ಬದಲಿಸುತ್ತ, ಒಂದೇ ದಿಕ್ಕಿಗೆ ಎಳೆಯುತ್ತ ಚೆನ್ನಾಗಿಯೇ ಒರೆಸಿದಳು. ಎರಡೂ ಕೈಯಲ್ಲಿ ಮಾತ್ರ ಡಜನ್ನು ಡಜನ್ನು ಹಸಿರು ಗಾಜಿನ ಬಳೆ. ನಮ್ಮಲ್ಲಿ ಅದಕ್ಕೊಂದು ಕಟ್ಟುನಿಟ್ಟಿದೆ. ಉಂಗುರ, ಗಡಿಯಾರ, ಬೆಲ್ಟಿನ ಬಕಲ್ಲು, ಬಳೆ ಯಾವುದೂ ಕಾರಿನ ಮೈಗೆ ತಾಗಬಾರದು. ಬಳೆ ತೆಗೆ ಎಂದು ಮುತ್ತೈದೆಗೆ ಹೇಳುವುದು ಹೇಗೆ? ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಳ್ಳಬೇಕಮ್ಮ, ಇಲ್ಲದಿದ್ದರೆ ಗೀರು ಬೀಳುತ್ತದೆ ಎಂದೆ.

“ಬೀಳ್ತದೆ, ಗೊತ್ತು ಕಣ್ರೀ,” ಎಂದಳು. “ಎರಡು ವರ್ಷ ಒಂದು ಕರೀ ಕಾರು ಒರೆಸಿದೀನಿ. ಇದೇ ಬಳೆ ಹಾಕ್ಕೊಂಡು. ಅಯ್ನೋರಿಗೆ ತೋರಿಸ್ದೆ, ನೋಡಿ ಗೀರು ಬಿದ್ದೈತೆ ಅಂತ. ಬಿದ್ರೆ ಬೀಳ್ಲಿ ಬಿಡು ಚೌಡಮ್ಮ, ಕೈ ಬರಿದು ಮಾಡ್ಕೋಬೇಡ ಅಂದ್ರು.”

ಅಂಥ ಧರ್ಮಾತ್ಮ ಯಾರು ಎಂದು ನಗುತ್ತಲೇ ಕೇಳಿದೆ. ಡಾಕ್ಟ್ರಮ್ಮನ ಯಜಮಾನರು ಎಂದಳು. ಆ ಕಾರು ಇಲ್ಲಿಗೇ ಬಂದಿತ್ತಲ್ಲ, ಆ ನೆನಪಿನ ಮೇಲೇ ಕೆಲಸ ಕೇಳಿಕೊಂಡು ಬಂದೆ ಎಂದೂ ಸೇರಿಸಿದಳು.

ನಾನು ಕೈಲಿದ್ದ ಮೆಷಿನ್ನನ್ನು ಕೆಳಗಿಟ್ಟೆ. ಆ ಕಾರನ್ನು ರಾಯರೇ ಒರೆಸುತ್ತಿದ್ದರಲ್ಲ, ಬೇರೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲವಲ್ಲ ಎಂದೆ. ಅವಳು ಸುತ್ತ ನೋಡಿ ದನಿ ತಗ್ಗಿಸಿ ಹೇಳಿದಳು. ಅವಳು ಆ ಮನೆಗೆ ಅಂಗಳ ಗುಡಿಸಲು ಹೋಗುತ್ತಿದ್ದವಳು. ಮೊದಮೊದಲು ರಾಯರೇ ಒರೆಸುತ್ತಿದ್ದರು, ನಿಜ. ಕೊನೆಯ ಎರಡು ವರ್ಷ ಅವರಿಗೆ ಉಸಿರು ಸಾಲುತ್ತಿರಲಿಲ್ಲ. ನಾಲ್ಕು ಸಲ ಕೈ ಎತ್ತಿದರೆ ಎದೆ ಹಿಡಿದುಕೊಂಡು ಕೂತುಬಿಡುತ್ತಿದ್ದರು. ಬಲಗಡೆ ಒಂದು ಗಿಡ್ಡ ಸ್ಟೂಲು ಹಾಕಿಕೊಂಡು, ಕೂತಲ್ಲಿಂದ ಕೈಗೆ ಎಟುಕಿದಷ್ಟು ಬಾಗಿಲು ಒರೆಸುವರು. ಚಾವಣಿಯೂ ಎಡಗಡೆಯೂ ಚೌಡಮ್ಮನ ಪಾಲು. ಆ ಕಡೆ ಅವರು ಕೂತಿರುವಾಗ ಇವಳು ಈ ಕಡೆಯಿಂದಲೇ ಚಾವಣಿಯ ಆಚೆ ಅಂಚಿನವರೆಗೆ ಬಗ್ಗಿ, ನೇರ ಎಳೆಯಲಾಗದೆ ಕೈ ತಿರುಗಿದ ಹಾಗೆ ಒರೆಸಬೇಕು. ಜಾರದಂತೆ ಒಂದು ಕೈಯಲ್ಲಿ ಬಾಗಿಲಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು.

ಹೇಗೆ ಎಂದು ತೋರಿಸಲು ಹತ್ತಿರವಿದ್ದ ಕಾರಿನ ಹಿಡಿಕೆ ಹಿಡಿದು ಬಗ್ಗಿದಳು. ಬಳೆಗಳು ಹಿಡಿಕೆಯ ಕೆಳಗೆ ಬಾಗಿಲಿಗೆ ಒತ್ತಿ ಕಿರ್ ಎಂದವು.

ಅಮ್ಮನವರಿಗೆ ಏಕೆ ಹೇಳಲಿಲ್ಲ ಎಂದು ಕೇಳುವಾಗ ನನ್ನ ದನಿ ಏರಿತ್ತು. ಅವಳು ಹೆದರಿದಳು. ರಾಯರು ದೇವರ ಮೇಲೆ ಆಣೆ ಹಾಕಿಸಿಕೊಂಡಿದ್ದರು ಎಂದಳು. ಇಂದುಗೆ ಗೊತ್ತಾದರೆ ಹಿಡಿದು ಆಸ್ಪತ್ರೆಯಲ್ಲಿ ಮಲಗಿಸುತ್ತಾಳೆ, ಕಾರಿನ ಬೀಗದ ಕೈ ಕಿತ್ತಿಟ್ಟುಕೊಳ್ಳುತ್ತಾಳೆ, ಈ ಮಳೆಗಾಲ ಕಳೆಯಲಿ, ನಾನೇ ಹೇಳುತ್ತೇನೆ ಎನ್ನುತ್ತಿದ್ದರಂತೆ. ಹಾಗೆ ಎರಡು ಮಳೆಗಾಲ ಕಳೆದವು. ಹೋದಮೇಲೆ ಹೇಳಿ ಅಮ್ಮನ ಹೊಟ್ಟೆ ಉರಿಸುವುದೇಕೆ ಎಂದು ಇವಳೂ ಸುಮ್ಮನಾದಳು. ಬಳೆಯ ಗುರುತಿನ ಕತೆ, ಅದರಿಂದಾದ ಅನುಮಾನ ಇವಳಿಗೆ ಏನೇನೂ ಗೊತ್ತಿರಲಿಲ್ಲ.

ಅಂದೇ ಹೋಗಿ ಡಾಕ್ಟರ ಮುಂದೆ ನಿಲ್ಲಬೇಕಿತ್ತು. ನಾನು ನಾಲ್ಕು ತಿಂಗಳು ಹೋಗಲಿಲ್ಲ. ಅವರು ಮರೆತಿರುತ್ತಾರೆ, ಆರಿದ ಗಾಯ ಕೆದಕುವುದೇಕೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾದ ಕಾರಣ ಅದಾಗಿರಲಿಲ್ಲ. ಗೀರು ಓದುವವನು ತಪ್ಪು ಓದಿದ ಎಂದು ನನ್ನ ಬಾಯಿಂದಲೇ ಹೇಳುವುದು ನನಗೆ ಬೇಡವಾಗಿತ್ತು. ಚೌಡಮ್ಮ ದಿನಾ ಬೆಳಿಗ್ಗೆ ಬಂದು, ಎರಡೂ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ನಿಲ್ಲುತ್ತಿದ್ದಳು. ನಾನು ಆ ಕಡೆ ನೋಡುವುದನ್ನೇ ಬಿಟ್ಟೆ. ಒಂದು ದಿನ ಯಾರೋ ತಮ್ಮ ಹೊಸ ಕಾರು ತಂದು, ಸ್ನೇಹಿತರನ್ನೂ ಕರೆತಂದು, ನಮ್ಮ ವಿಷಯ ಏನು ಹೇಳುತ್ತೆ ನೋಡಿ ಎಂದರು. ದೀಪ ಹಿಡಿದೆ. ಗೀರುಗಳು ಎಂದಿನಂತೆ ಎದ್ದು ಬಂದವು. ದೀಪ ಆರಿಸಿ, ಕೈ ತೊಳೆದುಕೊಂಡು, ನೆಟ್ಟಗೆ ಕ್ಲಿನಿಕ್ಕಿಗೆ ಹೋದೆ.

ಕೊನೆಯ ರೋಗಿ ಹೋಗುವವರೆಗೆ ಕಾದು ಒಳಗೆ ಹೋದೆ. ಏನಾಗಿದೆ ಎನ್ನುತ್ತ ಅವರು ಸ್ಟೆತಾಸ್ಕೋಪು ಎತ್ತಿಕೊಂಡರು. ನನಗೇನೂ ಆಗಿಲ್ಲ ಮೇಡಂ ಎಂದು ಆರಂಭಿಸಿ, ಒಂದೂ ಬಿಡದೆ ಹೇಳಿದೆ. ಸ್ಟೂಲಿನ ವಿಷಯ, ಉಸಿರಿನ ವಿಷಯ, ಹಿಡಿಕೆ ಹಿಡಿದು ಬಗ್ಗುವ ವಿಷಯ. ಬಲಗಡೆಯ ಗೆರೆಗಳು ಗಾಜಿನ ಕೆಳಗೇ ನಿಂತದ್ದನ್ನು ನಾನು ಅಂದೇ ಕಂಡಿದ್ದೆ, ಕಂಡೂ ತಮಾಷೆ ಮಾಡಿ ದಾಟಿದೆ ಎಂಬುದನ್ನೂ ಹೇಳಿದೆ. ಅವರು ಸ್ಟೆತಾಸ್ಕೋಪನ್ನು ಕೆಳಗಿಟ್ಟರು.

“ಆ ಗುರುತು ಈಗ ನೋಡಬಹುದಾ?” ಎಂದು ಕೊನೆಗೆ ಕೇಳಿದರು. “ಕಾರು ಎಲ್ಲಿದ್ರೂ ಹೋಗ್ತೀನಿ.”

“ಇಲ್ಲ ಮೇಡಂ. ಒಂದೂ ಉಳಿದಿಲ್ಲ. ಅವರದ್ದೂ ಇಲ್ಲ, ಅವಳದ್ದೂ ಇಲ್ಲ. ನಾನೇ ತೆಗೆದೆ.”

“ತೆಗೀರಿ ಅಂದವಳು ನಾನು,” ಎಂದರು.

ಆಮೇಲೆ ಅವರು ನನಗೆ ಹೇಳಿದಂತೆಯೂ ಅಲ್ಲ, ತಮಗೇ ಹೇಳಿಕೊಂಡಂತೆಯೂ ಅಲ್ಲ, ಮೇಜಿನ ಮೇಲಿನ ಚೀಟಿಗಳನ್ನು ಜೋಡಿಸುತ್ತ ಮಾತಾಡಿದರು. ಅವರಿಗೆ ಬಾಲ್ಯದ ಗೆಳತಿಯೊಬ್ಬರಿದ್ದರಂತೆ, ಕೈತುಂಬ ಗಾಜಿನ ಬಳೆ ಹಾಕುವವರು. ಈ ಎರಡು ವರ್ಷ ಅವರನ್ನು ಮನೆಗೆ ಸೇರಿಸಿರಲಿಲ್ಲ. ಆಕೆ ಇಂದಿಗೂ ಕಾರಣ ಕೇಳಿ ಕಾಗದ ಬರೆಯುತ್ತಾರಂತೆ. ರಾಯರ ಫೋಟೋ ಟ್ರಂಕಿನ ತಳ ಸೇರಿತ್ತು.

“ಮಂಡಿನೋವು ಅಂತ ಮಹಡಿ ಹತ್ತೋದು ಬಿಟ್ರು. ಮಂಡಿಗೆ ಎಣ್ಣೆ ತಂದುಕೊಟ್ಟೆ,” ಎಂದರು. “ಊರವರ ಎದೆಗೆಲ್ಲ ಕಿವಿ ಇಡ್ತೀನಿ. ಪಕ್ಕದಲ್ಲಿ ಮಲಗಿದ್ದವರದ್ದು ಕೇಳ್ಸಲಿಲ್ಲ ನನಗೆ.”

ರಾಯರ ಹೆಸರಿಗೆ ಬಳಿದ ಮಸಿ ಒರೆಸಿ ಹಗುರಾಗಿ ಹಿಂದಿರುಗುತ್ತೇನೆ ಎಂದುಕೊಂಡು ಹೋದವನು ನಾನು. ಗಂಡನ ಮೇಲಿದ್ದ ತಪ್ಪನ್ನು ತೆಗೆದು ಹೆಂಡತಿಯ ತಲೆಯ ಮೇಲಿಟ್ಟು ಬಂದಂತಾಯಿತು. ಆ ಸಿಟ್ಟು ಇರುವಷ್ಟು ದಿನ ಅವರಿಗೆ ಒಂದು ಆಸರೆಯಾದರೂ ಇತ್ತೇನೋ. ಭಾನುವಾರ ಬೆಳಿಗ್ಗೆ ಚೌಡಮ್ಮನನ್ನು ಮನೆಗೆ ಕರೆದುಕೊಂಡು ಬನ್ನಿ ಎಂದಷ್ಟೇ ಹೇಳಿ ಅವರು ಎದ್ದರು.

ಭಾನುವಾರ ಹೋದೆವು. ಡಾಕ್ಟರು ನಮ್ಮನ್ನು ಅಡುಗೆಮನೆಯಲ್ಲೇ ಕೂರಿಸಿ ತಾವೇ ಕಾಫಿ ಮಾಡಿದರು. ಚೌಡಮ್ಮ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ದಾರಿಯುದ್ದಕ್ಕೂ ನಾನು ಅವಳಿಗೆ ಎಲ್ಲ ಹೇಳಿದ್ದೆ, ಅವಳು ಅತ್ತಿದ್ದಳು. ಈಗ ಅಮ್ಮನ ಮುಖ ನೋಡಲು ಹೆದರಿ ಲೋಟವನ್ನೇ ನೋಡುತ್ತಿದ್ದಳು. ಬೈಯುತ್ತಾರೆ ಎಂದುಕೊಂಡಿದ್ದಳೇನೋ. ಡಾಕ್ಟರು ಕೇಳಿದ್ದು ಬೇರೆ. ತಾವು ದಿನಾ ಕಾಫಿ ತಂದಾಗ ರಾಯರು ನಿಂತಿರುತ್ತಿದ್ದರು, ಬಟ್ಟೆಯೂ ಅವರ ಕೈಯಲ್ಲೇ ಇರುತ್ತಿತ್ತು. ಒಂದು ದಿನವೂ ಕೂತದ್ದನ್ನು ತಾವು ಕಂಡಿಲ್ಲ. ಅದು ಹೇಗೆ ಎಂದರು.

“ನೀವು ಬರೋದು ಗೊತ್ತಾಗ್ತಿತ್ತಲ್ಲ ಅಮ್ಮಾವ್ರೆ,” ಎಂದಳು ಚೌಡಮ್ಮ. “ಹಿತ್ಲ ಬಾಗ್ಲ ಚಿಲಕ ಕಿರ್ರಂತಿತ್ತು. ಸದ್ದು ಕಿವಿಗೆ ಬಿದ್ದೇಟ್ಗೆ ಎದ್ದು, ಸ್ಟೂಲ್ನ ಕಾಲಲ್ಲಿ ಆಚೆ ತಳ್ಳಿ, ನನ್ ಕೈಲಿರೋ ಬಟ್ಟೆ ಈಸ್ಕೊಂಡು ನಿಂತ್ಕೊಳೋರು. ನಾನು ಪೊರಕೆ ಹಿಡ್ಕೊಂಡು ಅತ್ಲಾಗೆ ಹೋಗ್ತಿದ್ದೆ.”

ಡಾಕ್ಟರು ಒಲೆ ಆರಿಸಿದರು. ನಮ್ಮ ಕಡೆ ಬೆನ್ನು ಮಾಡಿಯೇ ನಿಂತಿದ್ದರು.

“ಆ ಚಿಲಕಕ್ಕೆ ಒಂದು ತೊಟ್ಟು ಎಣ್ಣೆ ಹಾಕಿ ಅಂತ ಎಷ್ಟು ಸಲ ಹೇಳಿದೀನೋ,” ಎಂದರು. “ಮನೇಲಿರೋ ಹೊಲಿಗೆ ಮೆಷಿನ್ನಿಗೆ, ಫ್ಯಾನಿಗೆ, ಗೇಟಿಗೆ ಎಲ್ಲಕ್ಕೂ ಎಣ್ಣೆ ಹಾಕೋರು. ಇದೊಂದಕ್ಕೆ ಹಾಕ್ಲೇ ಇಲ್ಲ. ನಾಳೆ ನಾಳೆ ಅಂದ್ರು. ನಾನೇ ಹಾಕ್ತೀನಿ ಅಂದ್ರೆ, ಬೇಡ, ಕೈ ಕೊಳೆ ಮಾಡ್ಕೋಬೇಡ ಅಂದ್ರು.”

ಹೇಳುತ್ತ ಹೇಳುತ್ತ ಅವರು ಹಿತ್ತಿಲ ಬಾಗಿಲಿನ ಕಡೆ ತಿರುಗಿದರು. ಚೌಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನ್ನ ಕೈಯಲ್ಲಿದ್ದ ಕಾಫಿ ಆರಿಹೋಗಿತ್ತು.

ಡಾಕ್ಟರು ಇನ್ನೊಂದು ಲೋಟಕ್ಕೆ ಕಾಫಿ ಬಗ್ಗಿಸಿಕೊಂಡು ಹಿತ್ತಿಲ ಬಾಗಿಲಿನ ಹತ್ತಿರ ಹೋದರು. ಎಡಗೈಯಲ್ಲಿ ಲೋಟ ಹಿಡಿದು ಬಲಗೈಯಲ್ಲಿ ಚಿಲಕ ಎಳೆದರು. ಅದು ಮನೆಗೆಲ್ಲ ಕೇಳುವಂತೆ ಕಿರುಗುಟ್ಟಿತು. ಅವರು ತಕ್ಷಣ ಬಾಗಿಲು ತೆರೆಯಲಿಲ್ಲ. ಕೂತವರೊಬ್ಬರು ಎದ್ದು ನಿಲ್ಲುವಷ್ಟು ಹೊತ್ತು ಅಲ್ಲೇ ಕಾದು, ಆಮೇಲೆ ತೆರೆದರು.